ರೇಡಿಯೊ ನಿಯಂತ್ರಿತ ಪೆಟ್ರೋಲ್ ರೇಸ್ ದೋಣಿಯ ಪ್ರೊಪೆಲ್ಲರ್

ದಡದಲ್ಲಿ ನಿಂತು ಕೈಯಲ್ಲಿನ ಟ್ರಾನ್ಸ್‌ಮಿಟರ್‌ನಿಂದ ನಡೆಸುವ ಮಾದರಿ ರೇಸ್ ದೋಣಿಗಳಲ್ಲಿ ಪೆಟ್ರೋಲ್ ಎಂಜಿನ್ನಿನವು ಒಂದು ಪ್ರಮುಖ ವರ್ಗ. ಸಾಮಾನ್ಯವಾಗಿ ಒಂದು ಮೀಟರಿಗಿಂತ ತುಸು ಹೆಚ್ಚು ಉದ್ದ, 5ರಿಂದ 9 ಕಿಲೊ ತೂಕ, ಹೊಟ್ಟೆಯಲ್ಲಿ 23ರಿಂದ 35 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಆ ಎಂಜಿನ್ನಿನ ಶಕ್ತಿಯನ್ನೆಲ್ಲ ನೀರಿಗೆ ದಾಟಿಸುವುದು ಹಿಂದಿನ ತುದಿಯಲ್ಲಿರುವ ಪ್ರೊಪೆಲ್ಲರ್. ವ್ಯಾಸದಲ್ಲಿ ಅದು ಅಂಗೈಗಿಂತ ಚಿಕ್ಕದು. ಎರಡು ದೋಣಿಗಳ ಒಡಲು, ಎಂಜಿನ್, ಇಂಧನ ಎಲ್ಲವೂ ಒಂದೇ ಆಗಿದ್ದು ಪ್ರೊಪೆಲ್ಲರ್ ಮಾತ್ರ ಬೇರೆಯಾದರೆ ಒಂದು ನೀರಿನ ಮೇಲೆ ಹಾರಿದಂತೆ ಓಡುತ್ತದೆ, ಇನ್ನೊಂದು ಮೂಗು ಕೆಳಗಿಟ್ಟು ಏದುಸಿರು ಬಿಡುತ್ತದೆ. ದೋಣಿಯ ಬಿಡಿಭಾಗಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ತರುವಂಥದ್ದು ಮತ್ತೊಂದಿಲ್ಲ. ಆದ್ದರಿಂದ ಅದರ ಆಯ್ಕೆ ಮತ್ತು ಹದಗೊಳಿಸುವಿಕೆ ಈ ಆಟದೊಳಗೇ ಒಂದು ಪ್ರತ್ಯೇಕ ಕಸುಬಾಗಿ ಬೆಳೆದಿದೆ.

ಈ ಆಟದ ಮುಖ್ಯ ನೆಲೆಗಳು ಅಮೆರಿಕ, ಯೂರೋಪ್, ಜಪಾನ್ ಮತ್ತು ಆಸ್ಟ್ರೇಲಿಯಾ. ಅಮೆರಿಕದ ಅಂತರರಾಷ್ಟ್ರೀಯ ಮಾದರಿ ಪವರ್ ದೋಣಿ ಸಂಘ 1949ರಲ್ಲಿ ಶುರುವಾಯಿತು. ಮಾದರಿ ಹಡಗುಗಳ ವಿಶ್ವ ಸಂಸ್ಥೆ ನಾವಿಗಾ ಯೂರೋಪಿನಲ್ಲಿ 1959ರಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ ಮಾದರಿ ಹಡಗಿನ ಕೆಲಸಕ್ಕೆ ಗಟ್ಟಿ ನೆಲೆ ಒದಗಿಸಿರುವುದು ಎನ್‌ಸಿಸಿಯ ನೌಕಾ ವಿಭಾಗ. ಮಂಗಳೂರು, ಉಡುಪಿಯ ಕೆಡೆಟ್‌ಗಳು ಹಡಗು ಮಾದರಿ ನಿರ್ಮಾಣವನ್ನು ತರಬೇತಿಯ ಭಾಗವಾಗಿಯೇ ಕಲಿಯುತ್ತಾರೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆ ಸಮುದ್ರದಿಂದ ಬಹು ದೂರ. ಇಲ್ಲಿನ ಹೊಳೆಗಳಲ್ಲಿ ಹಿಂದಿನಿಂದ ಓಡಾಡಿದ್ದು ಹರಿಗೋಲು, ಅದಕ್ಕೆ ಪ್ರೊಪೆಲ್ಲರ್ ಇಲ್ಲ. ಆದರೂ ಈ ವಿಷಯಕ್ಕೆ ಬೇಕಾದ ಕೈಕಸುಬು ಇಲ್ಲಿ ಧಾರಾಳವಾಗಿದೆ, ಇಲ್ಲಿನ ಗಾಳಿ ಮತ್ತು ನೀರು ಪ್ರೊಪೆಲ್ಲರಿನ ಲೆಕ್ಕವನ್ನು ಬದಲಿಸುವ ಬಗೆಯೂ ಗಮನಿಸಬೇಕಾದದ್ದು. ಲೇಖನದ ಕೊನೆಯ ಭಾಗದಲ್ಲಿ ಅದರ ವಿವರವಿದೆ.

ಹಿನ್ನೆಲೆ

ತಿರುಪಿನ ಆಕಾರದ ಪ್ರೊಪೆಲ್ಲರಿಗೆ ಯೋಸೆಫ್ ರೆಸೆಲ್ 1827ರಲ್ಲಿ ಪೇಟೆಂಟ್ ಪಡೆದ. 1836ರಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಜಾನ್ ಎರಿಕ್ಸನ್ ಬೇರೆ ಬೇರೆಯಾಗಿ ಪೇಟೆಂಟ್ ಪಡೆದರು. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರಿನ ರ‍್ಯಾಟ್ಲರ್ ಹಡಗನ್ನೂ ಪಕ್ಕದ ಚಕ್ರಗಳಿಂದ ಓಡುವ ಅಲೆಕ್ಟೊ ಹಡಗನ್ನೂ ಹಿಂಬದಿಗೆ ಹಿಂಬದಿ ಕಟ್ಟಿ ಎಳೆದಾಟಕ್ಕೆ ಬಿಟ್ಟಿತು, ರ‍್ಯಾಟ್ಲರ್ ಗೆದ್ದಿತು. 1890ರ ದಶಕದಲ್ಲಿ ಟರ್ಬಿನಿಯಾ ಹಡಗು ಕಟ್ಟುತ್ತಿದ್ದ ಚಾರ್ಲ್ಸ್ ಪಾರ್ಸನ್ಸ್‌ಗೆ ಹೊಸ ತೊಡಕೊಂದು ಎದುರಾಯಿತು. ಅತಿ ವೇಗವಾಗಿ ತಿರುಗುವ ಅಲಗಿನ ಬೆನ್ನ ಮೇಲೆ ಒತ್ತಡ ಕುಸಿದು, ನೀರು ತಣ್ಣಗಿದ್ದಾಗಲೇ ಆವಿಯಾಗಿ ಗುಳ್ಳೆಗಟ್ಟುತ್ತಿತ್ತು. ಕ್ಯಾವಿಟೇಶನ್ ಎಂದು ಹೆಸರಾದ ಇದು ತಳ್ಳುವ ಬಲವನ್ನು ಕಸಿಯುತ್ತದೆ, ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕೊರೆಯುತ್ತದೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ. 20ನೆಯ ಶತಮಾನದ ಆರಂಭದಲ್ಲಿ ಆಲ್ಬರ್ಟ್ ಹಿಕ್‌ಮನ್ ತನ್ನ ಸೀ ಸ್ಲೆಡ್ ದೋಣಿಗಳಲ್ಲಿ ಪ್ರೊಪೆಲ್ಲರನ್ನು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗಿಸಿದ. ಇಂದಿನ ಮಾದರಿ ರೇಸ್ ದೋಣಿ ನಿಂತಿರುವುದು ಹಿಕ್‌ಮನ್‌ನ ಈ ಉಪಾಯದ ಮೇಲೆ.

ಅಳತೆಗಳು

ಪ್ರೊಪೆಲ್ಲರನ್ನು ಗುರುತಿಸುವ ಮೊದಲ ಅಳತೆ ವ್ಯಾಸ, ಎಂದರೆ ಅಲಗಿನ ತುದಿ ಬರೆಯುವ ವೃತ್ತದ ಅಗಲ. ಎರಡನೆಯದು ಪಿಚ್. ನೀರು ಗಟ್ಟಿ ಪದಾರ್ಥವಾಗಿದ್ದು ಪ್ರೊಪೆಲ್ಲರ್ ಅದರಲ್ಲಿ ತಿರುಪಿನಂತೆ ನುಗ್ಗಿದ್ದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತಿತ್ತೋ ಅಷ್ಟು ದೂರವೇ ಪಿಚ್. ಪಿಚ್ಚನ್ನು ವ್ಯಾಸದಿಂದ ಭಾಗಿಸಿದರೆ ಪಿಚ್ ಅನುಪಾತ ಸಿಗುತ್ತದೆ, ಮಾದರಿ ದೋಣಿಯವರು ದಿನವೂ ಆಡುವ ಸಂಖ್ಯೆ ಇದು.

ಅಮೆರಿಕದ ಆಕ್ಟುರಾ ಕಂಪನಿ ಈ ಎರಡು ಅಳತೆಗಳನ್ನೂ ಹೆಸರಿನಲ್ಲೇ ಅಡಗಿಸಿತು. ಎಕ್ಸ್ 470 ಎಂದರೆ ಪಿಚ್ ಅನುಪಾತ 1.4, ವ್ಯಾಸ 70 ಮಿಲಿಮೀಟರ್. ಹಾಗಾಗಿ ಪಿಚ್ 98 ಮಿಲಿಮೀಟರ್. ಪೆಟ್ರೋಲ್ ದೋಣಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 6717/3 ಎಂದರೆ ವ್ಯಾಸ 67 ಮಿಲಿಮೀಟರ್, ಅನುಪಾತ 1.7, ಅಲಗು ಮೂರು. ಪ್ರೇಥರ್ ಕಂಪನಿಯ ಸಂಖ್ಯೆಗಳು ವ್ಯಾಸವನ್ನು ಇಂಚಿನ ನೂರನೆಯ ಒಂದು ಪಾಲಿನಲ್ಲಿ ಹೇಳುತ್ತವೆ, 275 ಎಂದರೆ 2.75 ಇಂಚು.

ವೇಗದ ಲೆಕ್ಕ ಸುಲಭ. ಎಕ್ಸ್ 470 ನಿಮಿಷಕ್ಕೆ 16,000 ಸುತ್ತು ತಿರುಗಿದರೆ ಕಾಗದದ ಮೇಲಿನ ವೇಗ ನಿಮಿಷಕ್ಕೆ 1,568 ಮೀಟರ್, ಗಂಟೆಗೆ ಸುಮಾರು 94 ಕಿಲೊಮೀಟರ್. ನೀರು ಹಿಂದಕ್ಕೆ ಜಾರುವುದರಿಂದ ದೋಣಿ ಅಷ್ಟು ಓಡುವುದಿಲ್ಲ. ಜಿಪಿಎಸ್ 82 ಎಂದು ತೋರಿಸಿದರೆ ಜಾರಿಕೆ ನೂರಕ್ಕೆ 13ರಷ್ಟು. ಹದವಾದ ದೋಣಿಯಲ್ಲಿ ಜಾರಿಕೆ ನೂರಕ್ಕೆ 10ರಿಂದ 20ರ ನಡುವೆ ಇರುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಪ್ರೊಪೆಲ್ಲರ್ ನೀರನ್ನು ಹಿಡಿಯುತ್ತಿಲ್ಲ ಎಂದರ್ಥ. ಆಗ ಇನ್ನೂ ದೊಡ್ಡ ಪಿಚ್ ಹಾಕುವುದು ಹಲವರು ಮಾಡುವ ತಪ್ಪು. ಮೊದಲು ನೋಡಬೇಕಾದದ್ದು ಪ್ರೊಪೆಲ್ಲರಿನ ಶಾಫ್ಟನ್ನು ಹಿಡಿದಿರುವ ಸ್ಟ್ರಟ್ಟಿನ ಎತ್ತರವನ್ನು, ಆಮೇಲೆ ಅಲಗಿನ ಅಂಚನ್ನು.

ವ್ಯಾಸದ ಪ್ರಭಾವ ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ದೊಡ್ಡದು. ಪ್ರೊಪೆಲ್ಲರ್ ನುಂಗುವ ಶಕ್ತಿ ಸುತ್ತಿನ ಘನಕ್ಕೂ ವ್ಯಾಸದ ಐದನೆಯ ಘಾತಕ್ಕೂ ಅನುಪಾತದಲ್ಲಿದೆ. 67 ಮಿಲಿಮೀಟರಿನ ಪ್ರೊಪೆಲ್ಲರನ್ನು ಕತ್ತರಿಸಿ 65ಕ್ಕೆ ಇಳಿಸಿದರೆ ವ್ಯಾಸ ನೂರಕ್ಕೆ 3ರಷ್ಟು ಮಾತ್ರ ತಗ್ಗುತ್ತದೆ, ಅದೇ ಸುತ್ತಿಗೆ ಬೇಕಾದ ಶಕ್ತಿ ನೂರಕ್ಕೆ 14ರಷ್ಟು ತಗ್ಗುತ್ತದೆ. ಎಂಜಿನ್ನಿನ ಶಕ್ತಿ ಅಷ್ಟೇ ಇದ್ದರೆ ಸುತ್ತು ಸುಮಾರು ನೂರಕ್ಕೆ 5ರಷ್ಟು ಏರುತ್ತದೆ, 16,000 ಇದ್ದದ್ದು 16,800. ಅರದಿಂದ ನಾಲ್ಕು ಸಲ ಉಜ್ಜಿದರೆ ದೋಣಿಯ ಸ್ವಭಾವವೇ ಬದಲಾಯಿತು ಎಂದು ಹಳಬರು ಹೇಳುವುದರ ಹಿಂದೆ ಇರುವುದು ಈ ಲೆಕ್ಕ. ಪೂರ್ತಿ ಮುಳುಗಿದ ಪ್ರೊಪೆಲ್ಲರಿಗೆ ಇದು ನಿಖರವಾಗಿ ಒಪ್ಪುತ್ತದೆ, ಅರ್ಧ ಮುಳುಗಿದ್ದಕ್ಕೆ ದಿಕ್ಕು ತೋರಿಸುವಷ್ಟು ಒಪ್ಪುತ್ತದೆ.

ಅರ್ಧ ನೀರು, ಅರ್ಧ ಗಾಳಿ

ಮಲ್ಪೆ ಅಥವಾ ಮಂಗಳೂರು ಬಂದರಿನ ಮೀನುಗಾರಿಕೆ ದೋಣಿಯ ಪ್ರೊಪೆಲ್ಲರ್ ದೊಡ್ಡದು, ಗೇರ್‌ಪೆಟ್ಟಿಗೆಯ ಮೂಲಕ ನಿಧಾನವಾಗಿ ತಿರುಗುವಂಥದ್ದು, ಸದಾ ನೀರಿನೊಳಗಿರುವಂಥದ್ದು. ಬಲೆ ಎಳೆಯಲು ಬೇಕಾದದ್ದು ವೇಗವಲ್ಲ, ಬಲ. ರೇಸ್ ದೋಣಿಯಲ್ಲಿ ಎಲ್ಲವೂ ಇದಕ್ಕೆ ವಿರುದ್ಧ. ಇಲ್ಲಿ ಗೇರ್ ಇಲ್ಲ, ಎಂಜಿನ್ನಿನ ಪೂರ್ತಿ ಸುತ್ತು ತಂತಿ ಹೆಣೆದ ಬಾಗುವ ಶಾಫ್ಟಿನ ಮೂಲಕ ನೇರ ಪ್ರೊಪೆಲ್ಲರಿಗೆ ಬರುತ್ತದೆ. ತಿರುಗುವ ದಿಕ್ಕಿಗೆ ಈ ತಂತಿಯ ಹೆಣಿಗೆ ಬಿಗಿಯಾಗಬೇಕು. ಹಿಂದುಮುಂದಾದರೆ ಶಾಫ್ಟ್ ಬಿಚ್ಚಿಕೊಳ್ಳುತ್ತದೆ. ಪ್ರೊಪೆಲ್ಲರ್ ಎಡಕ್ಕೆ ತಿರುಗುವಂಥದ್ದೋ ಬಲಕ್ಕೋ ಎಂಬುದೂ ಆ ದಿಕ್ಕನ್ನು ನೋಡಿಯೇ ತೀರ್ಮಾನವಾಗುತ್ತದೆ.

ಪೂರ್ತಿ ಮುಳುಗಿಸಿದರೆ ಅಲಗುಗಳ ಬುಡದ ಹಬ್, ಶಾಫ್ಟ್, ಸ್ಟ್ರಟ್ ಎಲ್ಲವೂ ನೀರನ್ನು ಸೀಳುತ್ತ ತಡೆಯೊಡ್ಡುತ್ತವೆ, ಕ್ಯಾವಿಟೇಶನ್ನೂ ಶುರುವಾಗುತ್ತದೆ. ಆದ್ದರಿಂದ ಓಟದ ವೇಗದಲ್ಲಿ ಹಬ್ಬಿನ ಮಧ್ಯರೇಖೆ ನೀರಿನ ಮಟ್ಟದಲ್ಲೇ ಇರುವಂತೆ ದೋಣಿಯನ್ನು ಹೊಂದಿಸುತ್ತಾರೆ. ಅಲಗು ಗಾಳಿಯಿಂದ ನೀರಿಗೆ ಬೀಳುವಾಗ ತನ್ನ ಬೆನ್ನ ಮೇಲೆ ಗಾಳಿಯನ್ನೂ ಹೊತ್ತು ತರುತ್ತದೆ. ಆವಿಯ ಗುಳ್ಳೆ ಇರಬೇಕಾದಲ್ಲಿ ಗಾಳಿ ತುಂಬಿಕೊಳ್ಳುವುದರಿಂದ ಲೋಹ ಕೊರೆಯುವ ಕಾಟ ತಪ್ಪುತ್ತದೆ. ಆದರೆ ಅಲಗಿನ ಮುಂಗೈ, ಎಂದರೆ ನೀರನ್ನು ತಳ್ಳುವ ಮುಖ, ಮಾತ್ರ ಕೆಲಸ ಮಾಡುತ್ತದೆ, ಬೆನ್ನಿನ ಎಳೆತ ಸಿಗುವುದಿಲ್ಲ. ಅದಕ್ಕೇ ಇಂಥ ಅಲಗಿನ ಅಡ್ಡಕೊಯ್ತ ವಿಮಾನದ ರೆಕ್ಕೆಯಂತಿರದೆ ಬೆಣೆಯಂತಿರುತ್ತದೆ. ಮುಂದಿನ ಅಂಚು ಚೂಪು, ಹಿಂದಿನ ಅಂಚು ದಪ್ಪ ಮತ್ತು ಚೌಕ. ಎರಡು ಅಲಗಿನ ಪ್ರೊಪೆಲ್ಲರ್ 16,000 ಸುತ್ತಿನಲ್ಲಿ ಸೆಕೆಂಡಿಗೆ 530ಕ್ಕೂ ಹೆಚ್ಚು ಸಲ ನೀರಿಗೆ ಬಡಿಯುತ್ತದೆ. ಅಂಚಿನ ಒಂದೊಂದು ಕೂದಲೆಳೆಯೂ ಲೆಕ್ಕಕ್ಕೆ ಬರುವುದು ಇದರಿಂದಲೇ.

ಅರ್ಧವೇ ನೀರಿನಲ್ಲಿರುವುದರಿಂದ ಇನ್ನೆರಡು ಬಲಗಳು ಹುಟ್ಟುತ್ತವೆ. ಒಂದು, ದೋಣಿಯ ಹಿಂಬದಿಯನ್ನು ಪಕ್ಕಕ್ಕೆ ತಳ್ಳುವ ಬಲ. ಕೆಳಗಿನ ಅಲಗು ನೀರಿನಲ್ಲಿ ಪಕ್ಕಕ್ಕೆ ನಡೆಯುತ್ತದೆ, ಮೇಲಿನದು ಗಾಳಿಯಲ್ಲಿದ್ದು ಅದನ್ನು ಸರಿದೂಗಿಸುವುದಿಲ್ಲ. ಇನ್ನೊಂದು, ಹಿಂಬದಿಯನ್ನು ಮೇಲೆತ್ತುವ ಬಲ. ಹಿಂಬದಿ ಅತಿಯಾಗಿ ಎದ್ದರೆ ಮೂಗು ನೀರಿಗೆ ಕಚ್ಚುತ್ತದೆ. ಈ ಬಲ ತೀರ ಕಡಿಮೆಯಾದರೆ ಮೂಗು ಎದ್ದು ದೋಣಿ ಹಿಂದಕ್ಕೆ ಮಗುಚುತ್ತದೆ. ಪ್ರೊಪೆಲ್ಲರ್ ಹದಗೊಳಿಸುವವರ ಮುಖ್ಯ ಹೋರಾಟ ಈ ಎತ್ತುವ ಬಲದೊಂದಿಗೆ.

ಆಯ್ಕೆ

ಆಯ್ಕೆ ಶುರುವಾಗಬೇಕಾದದ್ದು ಎಂಜಿನ್ನಿನಿಂದ. ಈ ವರ್ಗದಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಜಪಾನಿನ ಜೆನೋವಾ ಕಂಪನಿಯ ಜಿ260, ಅದರ ಗಾತ್ರ 25.4 ಸಿಸಿ. ಹುಲ್ಲು ಕತ್ತರಿಸುವ ಯಂತ್ರದ ವಂಶದ ಎಂಜಿನ್ನಿಗೆ ನೀರಿನ ತಂಪು ಕೊಟ್ಟು ದೋಣಿಗೆ ಒಗ್ಗಿಸಿದ್ದಾರೆ. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು, 25 ಅಥವಾ 32 ಪಾಲಿಗೆ 1 ಪಾಲು. ತೊಗರಿ ಹೊಲಕ್ಕೆ ಔಷಧ ಹೊಡೆಯುವ ಪವರ್ ಸ್ಪ್ರೇಯರ್ ನಡೆಸಿದ ಕಲಬುರಗಿ ಸೀಮೆಯ ರೈತರಿಗೆ ಈ ಎಂಜಿನ್ನಿನ ಸ್ವಭಾವ ಹೊಸದಲ್ಲ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಟ್ಯೂನ್ಡ್ ಪೈಪ್ ಎಂಬ ಹೊಗೆಕೊಳವೆ ಜೋಡಿಸಿದಾಗ ಅದರ ಬಲ ಒಂದು ಕಿರಿದಾದ ಸುತ್ತಿನ ಹರವಿನಲ್ಲಿ ಮಾತ್ರ ಉಕ್ಕುತ್ತದೆ. ಹೊಗೆಕೊಳವೆಯಲ್ಲಿ ಹಿಂದಿರುಗುವ ಒತ್ತಡದ ಅಲೆ, ಹೊರಬಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುವುದು ಆ ಹರವಿನಲ್ಲೇ. ಪೈಪ್ ಉದ್ದವಾದಷ್ಟು ಈ ಹರವು ಕೆಳಗಿನ ಸುತ್ತಿಗೆ ಇಳಿಯುತ್ತದೆ, ಗಿಡ್ಡವಾದಷ್ಟು ಮೇಲಕ್ಕೆ ಏರುತ್ತದೆ. ಪ್ರೊಪೆಲ್ಲರಿನ ಕೆಲಸವೆಂದರೆ ನೇರ ಓಟದ ಕೊನೆಯಲ್ಲಿ ಎಂಜಿನ್ನನ್ನು ಆ ಹರವಿನ ನೆತ್ತಿಯಲ್ಲಿ ನಿಲ್ಲಿಸುವುದು, ತಿರುವಿನಿಂದ ಹೊರಬರುವಾಗ ಅದರಿಂದ ಕೆಳಗೆ ಬೀಳದಂತೆ ಹಿಡಿಯುವುದು. ಪೈಪ್ ಮತ್ತು ಪ್ರೊಪೆಲ್ಲರನ್ನು ಬೇರೆ ಬೇರೆ ವಸ್ತುಗಳೆಂದು ನೋಡುವವರು ಹಣ ಕಳೆದುಕೊಳ್ಳುತ್ತಾರೆ. ಇವೆರಡನ್ನೂ ಒಂದೇ ಯಂತ್ರದ ಎರಡು ತುದಿಗಳೆಂದು ಕಾಣಬೇಕು.

ಪ್ರೊಪೆಲ್ಲರ್ ದೊಡ್ಡದಾದರೆ ಎಂಜಿನ್ ತಿರುವಿನಿಂದ ಎದ್ದು ಬರುವಾಗ ತಡವರಿಸುತ್ತದೆ, ಸದ್ದು ದಪ್ಪಗೇ ಉಳಿಯುತ್ತದೆ, ಸಿಲಿಂಡರ್ ತಲೆ ಕಾಯುತ್ತದೆ. ಚಿಕ್ಕದಾದರೆ ಎಂಜಿನ್ ಕಿರುಚುತ್ತದೆ, ವೇಗ ಏರುವುದಿಲ್ಲ. ಅಂದಾಜಿಗಿಂತ ಒಂದೆರಡು ಮಿಲಿಮೀಟರ್ ಚಿಕ್ಕದನ್ನು ಹಾಕಿ ಅಲ್ಲಿಂದ ಮೇಲಕ್ಕೆ ಏರುವುದೇ ಒಳ್ಳೆಯ ಕ್ರಮ. ದೊಡ್ಡದರಿಂದ ಶುರುಮಾಡಿದರೆ ಪಿಸ್ಟನ್ ಸುಟ್ಟುಕೊಂಡ ಮೇಲೆ ಪಾಠ ಸಿಗುತ್ತದೆ.

ಒಡಲಿನ ಬಗೆ ಮುಂದಿನ ಪ್ರಶ್ನೆ. ವಿ ಆಕಾರದ ತಳದ ಮಾನೊ ದೋಣಿಯ ಬಹಳಷ್ಟು ಮೈ ನೀರಿಗೆ ತಾಗುತ್ತದೆ, ಅದನ್ನು ತಳ್ಳಲು ದೊಡ್ಡ ವ್ಯಾಸ ಮತ್ತು 1.4ರ ಆಸುಪಾಸಿನ ಅನುಪಾತ ಒಪ್ಪುತ್ತದೆ. ಜೋಡಿ ಒಡಲಿನ ಕ್ಯಾಟಮರಾನ್ ಮಧ್ಯದ ಸುರಂಗದಲ್ಲಿ ಗಾಳಿ ತುಂಬಿಕೊಂಡು ಹಗುರಾಗುವುದರಿಂದ ತುಸು ಹೆಚ್ಚಿನ ಪಿಚ್ ತಡೆದುಕೊಳ್ಳುತ್ತದೆ. ಕೈಚಾಚಿದಂತೆ ಮುಂದೆ ಎರಡು ತೇಲುಗಳಿರುವ ಔಟ್‌ರಿಗರ್ ಹೈಡ್ರೊಪ್ಲೇನ್ ನೀರನ್ನು ತೀರ ಕಡಿಮೆ ತಾಗುತ್ತದೆ. ಅದಕ್ಕೆ ಚಿಕ್ಕ ವ್ಯಾಸ, 1.6 ಅಥವಾ ಅದಕ್ಕೂ ಮೇಲಿನ ಅನುಪಾತ. ಮೂರು ಅಲಗಿನದು ತಿರುವಿನಲ್ಲಿ ನೀರನ್ನು ಬಿಡದೆ ಹಿಡಿಯುತ್ತದೆ, ನಡುಕವೂ ಕಡಿಮೆ. ಅಮೆರಿಕದ ವರ್ತುಲ ರೇಸ್‌ಗಳು ಗಡಿಯಾರದ ದಿಕ್ಕಿನಲ್ಲಿ, ಬಲ ತಿರುವುಗಳಲ್ಲೇ ನಡೆಯುವುದರಿಂದ ಅಲ್ಲಿ ಈ ಹಿಡಿತಕ್ಕೆ ಬೆಲೆ. ಅದೇ 330 ಅಡಿಯ ನೇರ ಓಟದ ದಾಖಲೆಗೆ ಇಳಿದವರು ಎರಡು ಅಲಗನ್ನೇ ನೆಚ್ಚುತ್ತಾರೆ.

ಲೋಹದ ವಿಷಯ. ಬೆರಿಲಿಯಂ ತಾಮ್ರ ಗಟ್ಟಿಯೂ ಹೌದು, ಅರಕ್ಕೆ ಬಗ್ಗುವಂಥದ್ದೂ ಹೌದು. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಗಟ್ಟಿ, ಚೂಪು ಹೆಚ್ಚು ಕಾಲ ನಿಲ್ಲುತ್ತದೆ, ಕೈಯಿಂದ ಹದಗೊಳಿಸಲು ಬಹಳ ಹೊತ್ತು ಬೇಕು. ಅಲ್ಯೂಮಿನಿಯಂ ಅಗ್ಗ, ಹಗುರ. ಕಲಿಯುವವರಿಗೆ ಅದೇ ಸಾಕು. ಪ್ಲಾಸ್ಟಿಕ್ ಅಲಗು ಪೆಟ್ರೋಲ್ ಎಂಜಿನ್ನಿನ ಭಾರಕ್ಕೆ ಬಾಗಿ ಪಿಚ್ ಕಳೆದುಕೊಳ್ಳುತ್ತದೆ.

ಹದಗೊಳಿಸುವುದು

ಎರಕದಿಂದ ಬಂದ ಪ್ರೊಪೆಲ್ಲರ್ ಹಾಗೇ ಬಳಸುವಂಥದ್ದಲ್ಲ. ಅಂಚುಗಳು ದಪ್ಪ, ಎರಡು ಅಲಗುಗಳ ತೂಕ ಬೇರೆ, ಪಿಚ್ಚೂ ಒಂದೇ ಇರುವುದಿಲ್ಲ. ಕೆಲಸ ಶುರುವಾಗುವ ಮೊದಲು ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಬೆರಿಲಿಯಂ ತಾಮ್ರದ ಪುಡಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ವಾಸಿಯಾಗದ ರೋಗ ತರಬಲ್ಲದು. ಅದನ್ನು ಒಣದಾಗಿ ಉಜ್ಜಬಾರದು, ಗ್ರೈಂಡರಿಗೆ ಕೊಡಬಾರದು. ನೀರಿನಲ್ಲಿ ನೆನೆಸಿದ ಎಮರಿ ಪೇಪರಿನಿಂದಲೇ ಉಜ್ಜಬೇಕು, ಸರಿಯಾದ ಮುಖಗವಸು ಹಾಕಬೇಕು, ಉಳಿದ ಕೆಸರನ್ನು ಒಣಗಲು ಬಿಡದೆ ಒರೆಸಿ ತೆಗೆಯಬೇಕು. ಮಕ್ಕಳಿರುವ ಮನೆಯೊಳಗೆ ಈ ಕೆಲಸ ಕೂಡದು.

ಮೊದಲ ಹಂತ ಪಿಚ್ ಗೇಜಿನಿಂದ ಅಲಗುಗಳನ್ನು ಅಳೆದು ಒಂದರಂತೆ ಇನ್ನೊಂದನ್ನು ಮಾಡುವುದು. ಹೆಚ್ಚು ಕಡಿಮೆಯಿದ್ದರೆ ಮೆಲ್ಲಗೆ ಬಾಗಿಸಬೇಕು. ಎರಡು ಅಲಗಿನ ಪಿಚ್ ಬೇರೆಯಾಗಿದ್ದರೆ ಒಂದು ಅಲಗು ಎಳೆಯುತ್ತದೆ, ಇನ್ನೊಂದು ಅದಕ್ಕೆ ಹೊರೆಯಾಗುತ್ತದೆ. ಎಷ್ಟು ತೂಕ ಸರಿಗಟ್ಟಿದರೂ ಆ ನಡುಕ ಹೋಗದು.

ಎರಡನೆಯದು ಮುಂದಿನ ಅಂಚನ್ನು ತೆಳುವಾಗಿಸುವುದು. ಲೋಹವನ್ನು ಬೆನ್ನ ಕಡೆಯಿಂದ ಮಾತ್ರ ತೆಗೆಯಬೇಕು. ನೀರನ್ನು ತಳ್ಳುವ ಮುಂಗೈ ಎರಕದಲ್ಲಿ ಬಂದ ಆಕಾರದಲ್ಲೇ ಉಳಿಯಬೇಕು, ಅದನ್ನು ಉಜ್ಜಿದರೆ ಪಿಚ್ಚೇ ಬದಲಾಗುತ್ತದೆ. ಹಿಂದಿನ ಅಂಚಿನ ಚೌಕ ಮೂಲೆಯನ್ನು ಹೊಳಪಿನ ಆಸೆಗೆ ದುಂಡಗೆ ಮಾಡಬಾರದು, ನೀರು ಆ ಮೂಲೆಯಲ್ಲಿ ಕತ್ತರಿಸಿದಂತೆ ಬಿಟ್ಟುಹೋಗಬೇಕು. ಹೊಳಪಿಗೆ 220, 400, 600, 1000 ಹೀಗೆ ಕಾಗದದ ನುಣುಪು ಏರಿಸುತ್ತ ಹೋಗುತ್ತಾರೆ. ಹೊಳಪಿಗಿಂತ ಅಂಚು ಮುಖ್ಯ ಎಂಬುದು ಅನುಭವಿಗಳ ಒಮ್ಮತ.

ಮೂರನೆಯದು ಕಪ್. ಹಿಂದಿನ ಅಂಚಿನ ತುದಿಯನ್ನು ಮುಂಗೈಯ ಕಡೆಗೆ ಕೂದಲಷ್ಟು ಬಾಗಿಸುವುದೇ ಕಪ್ ಕೊಡುವುದು. ಇದರಿಂದ ಪಿಚ್ ಹೆಚ್ಚಿದಂತಾಗುತ್ತದೆ, ಗಾಳಿ ನುಗ್ಗಿದ ನೀರನ್ನೂ ಅಲಗು ಹಿಡಿದುಕೊಳ್ಳುತ್ತದೆ, ಎಂಜಿನ್ನಿನ ಮೇಲಿನ ಹೊರೆಯೂ ಏರುತ್ತದೆ. ತುದಿಯ ಬಳಿಯ ಕಪ್ಪಿಗೂ ಬುಡದ ಬಳಿಯ ಕಪ್ಪಿಗೂ ದೋಣಿ ಬೇರೆ ಬೇರೆ ಬಗೆಯಲ್ಲಿ ಸ್ಪಂದಿಸುವುದರಿಂದ ಎಲ್ಲಿ ಬಾಗಿಸಿದೆ ಎಂಬುದನ್ನು ಬರೆದಿಡಬೇಕು. ಹಿಂದಿನ ಅಂಚನ್ನು ಕತ್ತರಿಸಿ ಅಲಗನ್ನು ಕಿರಿದಾಗಿಸುವುದು ಇದಕ್ಕೆ ವಿರುದ್ಧವಾದ ಕ್ರಿಯೆ. ಅದರಿಂದ ಎತ್ತುವ ಬಲ ಇಳಿಯುತ್ತದೆ. ಮೂಗು ಕಚ್ಚುವ ದೋಣಿಗೆ ಇದು ಮೊದಲ ಮದ್ದು. ಆಕ್ಟುರಾ ಎಕ್ಸ್ ಮಾದರಿಗಳಲ್ಲಿ ಮುಂದಿನ ಅಂಚು ನಾಲಿಗೆಯಂತೆ ಚಾಚಿರುತ್ತದೆ. ಅದನ್ನು ಕತ್ತರಿಸಿ ತೆಗೆದರೆ ಅಲಗು ನೀರಿಗೆ ಒಮ್ಮೆಲೇ ಬಡಿಯದೆ ಮೆಲ್ಲಗೆ ಇಳಿಯುತ್ತದೆ.

ಕೊನೆಯದು ತೂಕ ಸರಿಗಟ್ಟುವುದು. ಮೇಲಿನ ಯಾವ ಕೆಲಸ ಬಿಟ್ಟರೂ ದೋಣಿ ಓಡುತ್ತದೆ, ಇದನ್ನು ಬಿಟ್ಟರೆ ಬೇರಿಂಗು, ಶಾಫ್ಟು, ಸ್ಟ್ರಟ್ಟು ಒಂದೊಂದಾಗಿ ಹಾಳಾಗುತ್ತವೆ. ಹಬ್ಬಿನ ನಡುವಿನಿಂದ 25 ಮಿಲಿಮೀಟರ್ ದೂರದಲ್ಲಿ ಗ್ರಾಮಿನ ಹತ್ತನೆಯ ಒಂದು ಪಾಲು ಹೆಚ್ಚಿದ್ದರೆ 16,000 ಸುತ್ತಿನಲ್ಲಿ ಅದು ಸುಮಾರು 700 ಗ್ರಾಂ ತೂಕದ ಬಲದಿಂದ ಶಾಫ್ಟನ್ನು ಸೆಕೆಂಡಿಗೆ 267 ಸಲ ಸುತ್ತಲೂ ಜಗ್ಗುತ್ತದೆ. ಪ್ರೊಪೆಲ್ಲರನ್ನು ನುಣುಪಾದ ಕಡ್ಡಿಗೆ ಸಿಕ್ಕಿಸಿ, ಕಡ್ಡಿಯನ್ನು ಎರಡು ಅಯಸ್ಕಾಂತಗಳ ನಡುವೆ ಅಥವಾ ಮಟ್ಟವಾದ ಎರಡು ಬ್ಲೇಡುಗಳ ಮೇಲೆ ಇಟ್ಟರೆ ಭಾರದ ಅಲಗು ಕೆಳಗೆ ಬರುತ್ತದೆ. ಅದರ ಬೆನ್ನಿನಿಂದ ಲೋಹ ತೆಗೆಯಬೇಕು, ತುದಿಯಿಂದ ತೆಗೆದರೆ ವ್ಯಾಸ ಕೆಡುತ್ತದೆ. ಅಲಗುಗಳು ಅಡ್ಡಲಾಗಿ ನಿಂತ ಮೇಲೆ ನೆಟ್ಟಗೆ ನಿಲ್ಲಿಸಿಯೂ ನೋಡಬೇಕು. ಅಲ್ಲಿ ಹೊರಳಿದರೆ ದೋಷ ಹಬ್ಬಿನಲ್ಲಿದೆ.

ಹದಗೊಳಿಸಿದ ಪ್ರೊಪೆಲ್ಲರನ್ನು ನೀರಿನಲ್ಲಿ ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಕಪ್ಪನ್ನೂ ಸ್ಟ್ರಟ್ಟನ್ನೂ ಕಾರ್ಬ್ಯುರೇಟರಿನ ಸೂಜಿಯನ್ನೂ ಒಟ್ಟಿಗೆ ತಿರುಗಿಸಿದರೆ ಏನಾಯಿತೆಂದು ಯಾರೂ ಹೇಳಲಾರರು. ಜಿಪಿಎಸ್ ವೇಗ, ಸಿಲಿಂಡರ್ ತಲೆಯ ಬಿಸಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ, ಗಾಳಿಯ ಉಷ್ಣತೆ, ಇಷ್ಟನ್ನು ಪ್ರತಿ ಓಟಕ್ಕೂ ಬರೆದಿಟ್ಟವರ ನೋಟುಬುಕ್ಕು ದುಬಾರಿ ಎಂಜಿನ್ನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚಿತ್ತಾಪುರ ಸೀಮೆಯ ಗಾಳಿ ಮತ್ತು ನೀರು

ಚಿತ್ತಾಪುರ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಜನವರಿಯ ಮುಂಜಾನೆ 15 ಡಿಗ್ರಿಯಿದ್ದ ಗಾಳಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಗೆ ಕಾಯುತ್ತದೆ. ಅಷ್ಟಕ್ಕೇ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 8ರಿಂದ 9ರಷ್ಟು ಇಳಿಯುತ್ತದೆ. ಎಂಜಿನ್ ಎಳೆದುಕೊಳ್ಳುವ ಆಮ್ಲಜನಕವೂ ಅಷ್ಟೇ ಕಡಿಮೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಅದೇ ಸುತ್ತನ್ನು ಉಳಿಸಿಕೊಳ್ಳಲು 70 ಮಿಲಿಮೀಟರಿನ ಪ್ರೊಪೆಲ್ಲರನ್ನು ಸುಮಾರು ಒಂದೂಕಾಲು ಮಿಲಿಮೀಟರ್ ಇಳಿಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಪ್ರೊಪೆಲ್ಲರ್ ಇಟ್ಟುಕೊಳ್ಳುವುದು ಅವಶ್ಯಕ. ಬೇಸಿಗೆಯಲ್ಲಿ ತಂಪಿಗೆ ಹೋಗುವ ನೀರೂ ಬೆಚ್ಚಗೇ ಇರುವುದರಿಂದ ದೊಡ್ಡ ಪ್ರೊಪೆಲ್ಲರಿನ ಹೊರೆ ಎಂಜಿನ್ನಿಗೆ ಎರಡು ಪಟ್ಟು ಕಷ್ಟ.

ಮಳಖೇಡ, ಸೇಡಂ, ಚಿತ್ತಾಪುರದ ನೆಲ ಹಾದು ಹೊನಗುಂಟದ ಬಳಿ ಭೀಮೆಯನ್ನು ಸೇರುವ ಕಾಗಿಣಾ, ಮಳೆಗಾಲದಲ್ಲಿ ಎರೆಮಣ್ಣು ಹೊತ್ತು ಹರಿಯುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಅದರ ಪಾತ್ರದಲ್ಲಿ ಸುಣ್ಣಕಲ್ಲಿನ ಹಾಸುಗಳಿವೆ. ಆಳವಿಲ್ಲದ ಕಡೆ ಅಲಗು ಕಲ್ಲಿಗೆ ತಾಗಿದರೆ ಅಂಚು ಒಂದೇ ಏಟಿಗೆ ಮಡಚುತ್ತದೆ. ಕೆಸರು ನೀರಿನ ಸಣ್ಣ ಮರಳು ಅಲ್ಯೂಮಿನಿಯಂ ಅಂಚಿನ ಚೂಪನ್ನು ಬೇಗ ತಿನ್ನುತ್ತದೆ, ಅಂಥ ನೀರಿಗೆ ಸ್ಟೇನ್‌ಲೆಸ್ ಸ್ಟೀಲ್ ಬಾಳುತ್ತದೆ. ಸನ್ನತಿಯ ಬಳಿ ಬ್ಯಾರೇಜಿನ ಹಿಂದೆ ಭೀಮೆಯ ನೀರು ಹರವಾಗಿ ನಿಲ್ಲುತ್ತದೆ.

ಶಹಾಬಾದ್ ಕಲ್ಲಿನ ಗಣಿಗಳು ಈ ಸೀಮೆಯ ಗುರುತು. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆನೀರು ತುಂಬಿ ಕೆರೆಗಳಂತೆ ಕಾಣುತ್ತವೆ. ಗಾಳಿಗೆ ಮರೆಯಾದ ಆ ನೀರು ಕನ್ನಡಿಯಂತಿರುವುದು ರೇಸ್ ದೋಣಿಗೆ ಆಕರ್ಷಕ. ಆದರೆ ದಡ ಕಡಿದಾಗಿ ಇಳಿಯುತ್ತದೆ, ಆಳ ತಿಳಿಯುವುದಿಲ್ಲ, ಕೆಟ್ಟು ನಿಂತ ದೋಣಿಯನ್ನು ತರಲು ಇಳಿದವರು ಹತ್ತಿ ಬರಲು ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲಿ ಈ ಆಟ ಬೇಡ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಚೆಲುವಾದದ್ದು, ಆದರೆ ಅದು 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮಕ್ಕೆ ಸೇರಿದ್ದು. ಪೆಟ್ರೋಲ್ ಎಂಜಿನ್ನಿನ ಅಬ್ಬರಕ್ಕೆ ಅಲ್ಲಿ ಜಾಗವಿಲ್ಲ. ಮೆಲ್ಲಗೆ ಇಳಿಯುವ ದಡವಿರುವ, ಜನ ಬಟ್ಟೆ ಒಗೆಯದ, ದನ ಇಳಿಯದ ಊರಕೆರೆಯನ್ನು ಪಂಚಾಯಿತಿಯ ಒಪ್ಪಿಗೆ ಪಡೆದು ಬಳಸುವುದು ಸರಿ. 7 ಕಿಲೊ ತೂಕದ ದೋಣಿ 80 ಕಿಲೊಮೀಟರ್ ವೇಗದಲ್ಲಿ ತಾಗಿದರೆ ಅಷ್ಟೇ ತೂಕದ ಕಲ್ಲು 25 ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಭಾರತದಲ್ಲಿ 2005ರಿಂದ ಪರವಾನಗಿ ಬೇಡದ 2.4 ಗಿಗಾಹರ್ಟ್ಸ್ ರೇಡಿಯೊಗಳು ಸಿಗುತ್ತವೆ. ಸಂಕೇತ ಕಡಿದ ಕೂಡಲೇ ಎಂಜಿನ್ ನಿಲ್ಲಿಸುವ ವ್ಯವಸ್ಥೆಯನ್ನು ದೋಣಿ ನೀರಿಗಿಳಿಯುವ ಮೊದಲು ಪ್ರತಿ ಸಲವೂ ಪರೀಕ್ಷಿಸಬೇಕು.

ಇಲ್ಲಿನ ಬಲ ಇರುವುದು ಕಾರ್ಯಾಗಾರಗಳಲ್ಲಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಗೂಡಿನ ಬಿಸಿಗಾಳಿ ಎಳೆಯುವ ದೈತ್ಯ ಫ್ಯಾನುಗಳ ಅಲಗಿಗೆ ದೂಳು ಮೆತ್ತಿ ತೂಕ ತಪ್ಪುತ್ತದೆ. ನಡುಕವನ್ನು ಅಳೆದು, ಎಲ್ಲಿ ಎಷ್ಟು ತೂಕ ಬೆಸೆಯಬೇಕೆಂದು ಲೆಕ್ಕ ಹಾಕಿ ಸರಿಗಟ್ಟುವ ಫಿಟ್ಟರುಗಳು ಈ ಊರುಗಳಲ್ಲಿದ್ದಾರೆ. ಬಾಯ್ಲರ್ ಕಟ್ಟಿದ ಶಹಾಬಾದಿನಲ್ಲಿ ಲೋಹದ ಕೆಲಸಕ್ಕೆ ದೀರ್ಘ ಪರಂಪರೆಯಿದೆ. 1958ರಲ್ಲಿ ಆರಂಭವಾದ ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು ಹತ್ತಿರದಲ್ಲೇ ಇದೆ. ತೂಕ ಸರಿಗಟ್ಟುವಾಗ ಎರಡು ಮೀಟರಿನ ಫ್ಯಾನಿಗೆ ಒಪ್ಪುವ ನಿಯಮವೇ 70 ಮಿಲಿಮೀಟರಿನ ಪ್ರೊಪೆಲ್ಲರಿಗೂ ಒಪ್ಪುತ್ತದೆ.

ಈ ಸೀಮೆಯ ಕೆರೆಯಲ್ಲಿ 26 ಸಿಸಿಯ ಮಾನೊ ದೋಣಿ ಇಳಿಸುವವರು ಅಕ್ಟೋಬರ್‌ನಿಂದ ಫೆಬ್ರವರಿಯ ಒಳಗೆ, ನೀರು ತುಂಬಿ ತಿಳಿಯಾಗಿರುವಾಗ ಆರಂಭಿಸುವುದು ಒಳ್ಳೆಯದು. 1.4 ಅನುಪಾತದ, 67 ಮಿಲಿಮೀಟರ್ ವ್ಯಾಸದ ಎರಡು ಅಲಗಿನ ಪ್ರೊಪೆಲ್ಲರನ್ನು ಅಂಚು ತೆಳುವಾಗಿಸಿ, ಸರಿಗಟ್ಟಿ, ಕಪ್ ಕೊಡದೆ ಮೊದಲು ಓಡಿಸಿ ನೋಡಬೇಕು. ಎಂಜಿನ್ ತಿರುವಿನಿಂದ ಸಲೀಸಾಗಿ ಎದ್ದು ಬಂದು ಸಿಲಿಂಡರ್ ತಲೆ ತಣ್ಣಗೇ ಇದ್ದರೆ 70ಕ್ಕೆ ಏರಬಹುದು. ಏಪ್ರಿಲ್ ಬಂದ ಮೇಲೆ ಮತ್ತೆ 67ಕ್ಕೆ ಇಳಿಯಬೇಕು.